ತೊಳೆಯದ ಮೂಸೆ

ಸೌತಾಂಪ್ಟನ್, ಮಾರ್ಚ್, ರಾತ್ರಿ ಹನ್ನೊಂದೂಕಾಲು.
ಹಡಗುಕಟ್ಟೆಯ ಗಾಳಿ ಕಿಟಕಿಯ ಸಂದಿಗೆ ಬಾಯಿಟ್ಟು
ಒಂದೇ ಸ್ವರ ಊದುತ್ತಿದೆ.
ಮೇಜಿನ ಮೇಲೆ, ಗಾಜಿನೆಳೆಯ ತುದಿಗೆ, ಒಂದು ಗೋಲ:
ಸಾಸಿವೆ ಇದರ ಮುಂದೆ ಕುಂಬಳಕಾಯಿ.

ಬಿಜಾಪುರದ ಗೋಲಗುಮ್ಮಟದಲ್ಲಿ, ನನಗಾಗ ಒಂಬತ್ತು,
ಗೈಡು ಹೇಳಿದ್ದ: "ಗ್ವಾಡಿಗೆ ಕಿವಿ ಹಚ್ಚವ್ವಾ."
ಆಚೆ ದಿಕ್ಕಿನಲ್ಲಿ ಯಾರೋ ಕಡ್ಡಿ ಗೀರಿದ ಸದ್ದು
ಗೋಡೆ ಹಿಡಿದು ನಡೆದು ಬಂದು
ನನ್ನ ಕಿವಿಯೊಳಗೆ ಹೊತ್ತಿಕೊಂಡಿತು.
ಇಲ್ಲಿ ಓಡುವುದು ಬೆಳಕು,
ಗಾಜಿನ ಒಳಮೈಗೆ ಭುಜ ತಾಗಿಸುತ್ತ, ಲಕ್ಷ ಸುತ್ತು.
ತನ್ನ ಬಾಲ ತನ್ನ ಬಾಯಿಗೆ ಸರಿಯಾಗಿ ಸಿಕ್ಕ ಅಲೆಗೆ ಮಾತ್ರ
ಉಳಿಗಾಲ.

ಕರಗಿಸುವಾಗ ನಾನು ಬೆರೆಸಿದ್ದು ಎರಡೇ:
ಯಿಟರ್ಬಿಯಂ ಒಂದು ಪಾಲು, ಎರ್ಬಿಯಂ ಚಿಟಿಕೆ.
ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕು ಊಡಿದರೆ
ಹಸಿರು ಬರಬೇಕು, ಹಿಂದೆಯೇ ಕೆಂಪು.
ಬಂದವು. ಪರದೆಯ ಮೇಲೆ ಎರಡು ಮುಳ್ಳು, ಸೆಟೆದು.
ಅವುಗಳ ಎಡಕ್ಕೆ ಮೂರನೆಯದು.
ನೀಲಿ.

ನಾನು ಹೇಳಿ ಕಳಿಸದ ನೆಂಟ.

ಕೊಳೆಯಿರಬೇಕೆಂದು ಮಸೂರ ಒರೆಸಿದೆ.
ದೀಪ ಆರಿಸಿದೆ, ಪಕ್ಕದ ಕೋಣೆಯದನ್ನೂ.
ಯಂತ್ರಕ್ಕೆ ಬೈದೆ, ಕನ್ನಡದಲ್ಲಿ.
ಕದಲಲಿಲ್ಲ.

ಕಪಾಟಿನಲ್ಲಿ ಮೂಸೆಗಳ ಲೆಕ್ಕದ ಪುಸ್ತಕ.
ನನ್ನದು ಹದಿನೇಳನೆಯ ಮೂಸೆ. ನನಗೆ ಮುಂಚೆ
ಅದರಲ್ಲಿ ಗಾಜು ಕಾಸಿದವನು ಹ್ಯೂ ಪ್ರಿಚರ್ಡ್,
ನಾಲ್ಕು ವರ್ಷದ ಹಿಂದೆ, ಥೂಲಿಯಂ.
ಕೊನೆಯ ಸಾಲು: "ಮತ್ತೆ ನೀಲಿ ಇಲ್ಲ. ಸಾಕು."
ತೊಳೆದ ದಿನಾಂಕದ ಅಂಕಣ ಖಾಲಿ.

ಅಂಚಿಗಂಟಿದ ಅವನ ಎಂಜಲು ನನ್ನ ಗಾಜಿಗೆ ಇಳಿದಿದೆ.
ಅಜ್ಜಿಗೆ ಹೇಳಿದ್ದರೆ ಮೂಸೆಯನ್ನೂ ನನ್ನನ್ನೂ
ಹಿತ್ತಿಲಲ್ಲಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು.
ಥೂಲಿಯಂ ಕುಳಿತಲ್ಲಿಂದ ಕೈ ಚಾಚದ ಸಂಕೋಚದ್ದು,
ಮೂರು ತುತ್ತು ಒಟ್ಟಿಗೆ ಬಿದ್ದರೆ ಮಾತ್ರ ನೀಲಿ.
ಅವನು ಅದನ್ನು ಒಂಟಿ ಎಲೆಗೆ ಕೂರಿಸಿದ್ದ.
ಇಲ್ಲಿ ಯಿಟರ್ಬಿಯಂ ಸೌಟು ಹಿಡಿದು ಓಡಾಡುತ್ತಿದ್ದಾಳೆ,
ತನಗೆಂದು ಒಂದು ಬಣ್ಣವನ್ನೂ ಇಟ್ಟುಕೊಳ್ಳದೆ.
ಬಡಿಸುವವರು ನಮ್ಮವರಾದರೆ
ಕೊನೆಯ ಪಂಕ್ತಿಯಾದರೇನು ಎನ್ನುತ್ತಾರಲ್ಲ,
ಹಾಗೆ ಎಲೆಯ ತುಂಬ ನೀಲಿ.

ಅವನೀಗ ವೈಟ್ ದ್ವೀಪದ ಫೆರ್ರಿಯಲ್ಲಿದ್ದಾನೆಂದು
ಸ್ಟೋರಿನ ಡಿಲಿಸ್ ಹೇಳಿದಳು. ಶನಿವಾರ ಹೋದೆ.
ಹಳದಿ ಕೋಟು, ಎದೆಯ ಮೇಲೆ ಅದೇ ಹೆಸರು, ಕೈಯಲ್ಲಿ ಟಿಕೆಟ್ ತೂತಿಡುವ ಇಕ್ಕಳ.
ಪೀಠಿಕೆ ಹಾಕಲು ತೋಚಲಿಲ್ಲ.
"ನಿನ್ನ ನೀಲಿ ಬಂತು," ಎಂದೆ.
ಅವನು ನನ್ನ ಹಿಂದೆ ನಿಂತವರನ್ನು ನೋಡಿದ,
ನೀರನ್ನು ನೋಡಿದ,
ನನ್ನ ಟಿಕೆಟ್ಟಿಗೆ ಎರಡು ಸಲ ತೂತು ಹೊಡೆದ.
ಎಲ್ಲರೂ ಹತ್ತಿದ ಮೇಲೆ ಸರಪಳಿ ಎಳೆದು, ಗೇಟು ಹಾಕಿ,
ಕೈ ಒರೆಸಿಕೊಳ್ಳುತ್ತ ಬಂದು ಕೇಳಿದ:
"ಎಷ್ಟು ಮಿಲಿವ್ಯಾಟಿಗೆ?"