ಇಪ್ಪತ್ತೊಂಬತ್ತು

ಹನ್ನೊಂದು ಉಂಟು. ಸುಳ್ಳು ಯಾಕೆ,
ಹನ್ನೆರಡು. ಒಂದು ಆಫೀಸಿನ ಡ್ರಾಯರಿನಲ್ಲಿ,
ವಾರಿಜಳಿಗೆ ಗೊತ್ತಿಲ್ಲದ್ದು.

ನಾನೇನು ಫೋಟೋಗ್ರಾಫರಲ್ಲ ಮಾರಾಯ್ರೆ,
ಮೆಸ್ಕಾಂನಲ್ಲಿ ಮೀಟರ್ ಓದುವವ.
ವರ್ಷಕ್ಕೆ ತೆಗೆಯುವುದು ಹೆಚ್ಚೆಂದರೆ ನಲ್ವತ್ತು ಚಿತ್ರ:
ಪಣಂಬೂರಿನಲ್ಲಿ ಮುಳುಗುವ ಸೂರ್ಯ
(ಕಳೆದ ವರ್ಷವೂ ಅವನೇ),
ಭಾವನ ಮಗಳ ಸೀಮಂತ, ಬೆಕ್ಕು, ಬೆಕ್ಕಿನ ಮರಿ,
ಮತ್ತೆ, ಹೊಸ ಲೆನ್ಸ್ ಹೇಗುಂಟು ನೋಡಲಿಕ್ಕೆ
ಎದುರು ಮನೆಯ ನೀರಿನ ಟ್ಯಾಂಕಿ.
ಆ ಟ್ಯಾಂಕಿಯ ಚಿತ್ರ ನನ್ನಲ್ಲಿರುವಷ್ಟು
ಅದನ್ನು ಕಟ್ಟಿಸಿದವರಲ್ಲೂ ಇಲ್ಲ.

ಮಂಗಳೂರಿನ ಗಾಳಿಗೆ ಗಾಜು ಕಂಡರೆ ಆಸೆ.
ಆಟಿಯಲ್ಲಿ ಎರಡು ವಾರ ಮರೆತರೆ ಸಾಕು,
ಲೆನ್ಸಿನೊಳಗೆ ಬೂಷ್ಟು ಬೇರು ಬಿಡುತ್ತದೆ,
ಜೇಡನಿಗೂ ನೇಯಲಾಗದಷ್ಟು ಸಣ್ಣ ನೂಲು.
ಫಳ್ನೀರಿನ ಬೊನವೆಂಚರ್ ಪಿಂಟೊ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೇಳುತ್ತಾನೆ:
'ಇದು ಕೆಮರಾ ಅಲ್ಲ, ಅಣಬೆ ತೋಟ.
ಮುನ್ನೂರು ಕೊಡಿ. ಇನ್ನೊಂದು ಬಂದಿದೆ, ನೋಡ್ತೀರಾ?'

ನೋಡಬಾರದಿತ್ತು.

ಹಾಗಾಗಿ ಕಪಾಟಿನೊಳಗೆ ಹಗಲೂ ರಾತ್ರಿ
ಹದಿನೈದು ವ್ಯಾಟಿನ ಬಲ್ಬು.
ಊರಿಗೆಲ್ಲ ಬಿಲ್ಲು ಹರಿದು ಕೊಡುವವನು
ಮನೆಯ ಬಿಲ್ಲನ್ನು ಮಡಚಿ ಕಿಸೆಗೆ ಹಾಕುತ್ತೇನೆ.
ಒಂದು ದಿನ ವಾರಿಜ ಕೆಳಗಿನ ಹಲಗೆಯ ಮೇಲೆ
ಹಲಸಿನ ಹಪ್ಪಳದ ಕಟ್ಟು ತಂದಿಟ್ಟಳು:
'ನಿಮ್ಮದಕ್ಕೆ ಬೇಕಾದ ಬಿಸಿ ನನ್ನದಕ್ಕೂ ಬೇಕು.'
ಈಗ ಯಾಶಿಕಾ ತೆರೆದರೆ ಜೀರಿಗೆಯ ಪರಿಮಳ.
ಹಪ್ಪಳದಲ್ಲೂ ಚರ್ಮದ ಚೀಲದ್ದು ಸ್ವಲ್ಪ ಉಂಟು,
ಅವಳು ಒಪ್ಪುವುದಿಲ್ಲ.

ಡ್ರಾಯರಿನದಕ್ಕೆ ಬಲ್ಬಿಲ್ಲ.
ಬಟ್ಟೆಯಲ್ಲಿ ಕಟ್ಟಿದ ಒಂದು ಮುಷ್ಟಿ ಅಕ್ಕಿ.

ಬಿಜೈಯ ಹಿಲ್ಡಾ ಬಾಯಿಯವರ ಮನೆಗೆ
ಕೊನೆಯ ರೀಡಿಂಗ್ ತೆಗೆಯಲು ಹೋದ ದಿನ
ಅವರು ಶಿರ್ವಕ್ಕೆ, ತಂಗಿಯ ಬಳಿಗೆ ಹೊರಟಿದ್ದರು.
ಪೆಟ್ಟಿಗೆಗಳ ನಡುವಿನಿಂದ ಕರೆದರು:
'ಬಂದಾಗೆಲ್ಲ ಮೊಳೆಯಲ್ಲಿರುವ ಇದನ್ನೇ ನೋಡ್ತೀರಿ.
ನಮ್ಮವರು ಹಡಗಿನಲ್ಲಿ ಅಡುಗೆಗಿದ್ದರು,
ಏಡನ್ನಿನಲ್ಲಿ ಕೊಂಡದ್ದು. ತಕ್ಕೊಳ್ಳಿ.'
ಐನೂರು ಕೊಟ್ಟೆ, ಇನ್ನೂರು ವಾಪಸು ಕೊಟ್ಟರು.
ಗೇಟಿನವರೆಗೂ ಬಂದು, ದನಿ ಇಳಿಸಿ,
'ಒಳಗೆ ರೀಲು ಉಂಟು.
ತೊಳೆಸಿದರೆ ನನಗೆ ತೋರಿಸಬೇಡಿ.'

ಎಣಿಕೆಯ ಕಿಂಡಿಯಲ್ಲಿ ಇಪ್ಪತ್ತೊಂಬತ್ತು.
ಮೂವತ್ತಾರಕ್ಕೆ ಏಳು ಬಾಕಿ.
ಅಂಕಿ ಓದಿಯೇ ಅನ್ನ ತಿಂದವ ನಾನು.
ಈಗಿನದರಲ್ಲಿ ಹಿಂದಿನದು ಕಳೆದರೆ
ಉರಿದದ್ದೆಷ್ಟು ಗೊತ್ತಾಗುತ್ತದೆ.
ಇಲ್ಲಿ ಕಳೆಯಲಿಕ್ಕೆ ಹಿಂದಿನದು ಯಾರ ಹತ್ತಿರ?
ಯಾವ ಬಂದರು, ಯಾರ ಮುಖ,
ಹಿಲ್ಡಾ ಬಾಯಿ ಇದ್ದಾರೋ, ಅವರಲ್ಲದವರೋ,
ಇಪ್ಪತ್ತೊಂಬತ್ತೂ ಬರೀ ಈರುಳ್ಳಿ ಮೂಟೆಯೋ.

ಇದನ್ನು ಮುಟ್ಟಬಾರದೆಂದು ಇನ್ನೊಂದು ಕೊಂಡೆ.
ಅದು ಕೈಗೆ ಹೊಂದುವಷ್ಟರಲ್ಲಿ
ಇದರ ನೆನಪಾಗಿ, ಮತ್ತೊಂದು.
ಚಟ ಎನ್ನುತ್ತಾಳೆ ವಾರಿಜ. ಚಟವೂ ಹೌದು.

ಮೊನ್ನೆ, ನಾನು ಮರೆತ ಬುತ್ತಿ ಹಿಡಿದು ಆಫೀಸಿಗೇ ಬಂದಳು.
ಚಮಚ ಹುಡುಕುತ್ತಾ ಡ್ರಾಯರ್ ಎಳೆದಳು.
ಬೈಗುಳಕ್ಕೆ ಕಿವಿ ತಯಾರು ಮಾಡಿಕೊಂಡೆ.
ಅವಳು ಅಕ್ಕಿಯ ಗಂಟು ಬದಿಗಿಟ್ಟು,
ಕಣ್ಣಿಗೇರಿಸಿ, 'ಇದು ನಡೀತದಾ?' ಎಂದು
ಒತ್ತಿಯೇ ಬಿಟ್ಟಳು.

ಬಾಕಿದಾರರ ಪಟ್ಟಿ, ಕ್ಯಾಲೆಂಡರು,
ನೀರುದೋಸೆಯ ಡಬ್ಬಿ, ಬೇಡ ಎನ್ನುತ್ತಾ ಎತ್ತಿದ ಕೈ.
ಹಡಗಿನ ಅಡುಗೆಯವನು ಕಂಡದ್ದೆಲ್ಲದರ ಬೆನ್ನಿಗೆ
ನಾನು.

ಅವಳು ಲಿವರ್ ಎಳೆದಳು. ಕಿಂಡಿಯೊಳಗೆ ಇಣುಕಿ
ನಾನು ಮೀಟರ್ ಓದುವ ದನಿಯಲ್ಲೇ
'ಮೂವತ್ತು' ಎಂದು ಓದಿ,
ಮತ್ತೆ ಕೇಳಿದಳು, ಚಮಚ ಎಲ್ಲಿ.