ಮಾರ್ಜಿನ್

ಕೂತಿರುವಾಗಲೇ ಗೆರೆ ಎಳೆದರು ಡಾಕ್ಟರು,
ನೇರಳೆ ಪೆನ್ನಿನಲ್ಲಿ, ಕತ್ತಿನ ಮಡಿಕೆಯ ಮೇಲೇ.
"ಮಲಗಿದರೆ ಚರ್ಮ ಜಾರುತ್ತೆ, ಗುರುತು ತಪ್ಪುತ್ತೆ."
ಗೊತ್ತು ಸಾರ್ ಅಂದೆ. ಮಾವಳ್ಳಿಯಲ್ಲಿ
ಇಪ್ಪತ್ತೆರಡು ವರ್ಷ ಬ್ಲೌಸು ಹೊಲಿದವಳು ನಾನು.
ನಿಂತವರ ಅಳತೆ ನನ್ನದು,
ಮಲಗಿದವರ ಅಳತೆ ತೆಗೆಯುವವರು ಬೇರೆ.
ಮಾರ್ಜಿನ್ ಎಷ್ಟು ಬಿಡ್ತೀರಿ?
ನಕ್ಕರು. ಪೂರ್ತಿ ತೆಗೀತೀವಮ್ಮ, ಏನೂ ಬಿಡಲ್ಲ.

ಚಿಟ್ಟೆಯ ಹಾಗಿರುತ್ತೆ ಅಂದಳು ನರ್ಸ್ ಫ್ಲಾವಿಯಾ
ಗೋಡೆಯ ಪಟ ತೋರಿಸಿ.
ನನಗೆ ಕಂಡದ್ದು ಕತ್ತರಿಸಿಟ್ಟ ಕಾಲರಿನ ತುಂಡು,
ಅಂಗಿಗೆ ಹಚ್ಚಲು ಮರೆತದ್ದು.
ಬಲಗಡೆ ಗಂಟು, ನಿಂಬೆಗಾತ್ರ.
ಉಗುಳು ನುಂಗಿದಾಗಲೆಲ್ಲ
ಲಿಫ್ಟಿನ ಹಾಗೆ ಮೇಲೆ ಹೋಗಿ ಇಳಿಯುತ್ತಿತ್ತು.
ಗಿರಾಕಿಗಳು ತೋಳಿನ ಉದ್ದ ಹೇಳುತ್ತಾ ಅದನ್ನೇ ನೋಡೋರು.
ಅಳತೆ ಟೇಪನ್ನೇ ಎರಡು ಸುತ್ತು ಸುತ್ತಿಕೊಂಡೆ.

ಎಚ್ಚರವಾದಾಗ "ಏನಾದರೂ ಮಾತಾಡಿ" ಅಂದರು.
ದೇವರ ಹೆಸರು ಬರಲಿಲ್ಲ. ಬಂದದ್ದು,
"ದೊಡ್ಡ ಕತ್ತರಿ ಯಾರಿಗೂ ಕೊಡಬೇಡ ಪಾರಿಜಾತ."
ತಗಡು ಉಜ್ಜಿದಂಥ ದನಿ. ಯಾರದೋ.
ನರ ಉಳಿದಿದೆ, ದನಿ ಬರುತ್ತೆ, ಬರೆದುಕೊಂಡರು.

ಮಾರನೇ ದಿನ ಬೆರಳ ತುದಿಗೆಲ್ಲ ಇರುವೆ.
ತುಟಿಯ ಸುತ್ತಲೂ ಇರುವೆ.
ಕ್ಯಾಲ್ಸಿಯಂ ಇಳಿದಿದೆಯಂತೆ,
ಅದರ ಬೆನ್ನಿಗೆ ಅಂಟಿಕೊಂಡಿದ್ದ
ಅಕ್ಕಿಕಾಳಿನಂಥ ನಾಲ್ಕು ಗ್ರಂಥಿ ಮುನಿಸಿಕೊಂಡಿವೆಯಂತೆ.
ಕತ್ತು ಕೊಯ್ದದ್ದಕ್ಕಿಂತ ಇದಕ್ಕೇ ಹೆದರಿದೆ.
ಮನೆಯಿಂದ ಸೂಜಿ ತರಿಸಿ ದಿಂಬಿನಡಿ ಇಟ್ಟು
ಗಂಟೆಗೊಮ್ಮೆ ದಾರ ಪೋಣಿಸಿ ನೋಡಿದೆ.
ತಪ್ಪಿತು.
ತಪ್ಪಿತು.
ಆಮೇಲೆ, ವಿಕ್ಟೋರಿಯಾ ಆಸ್ಪತ್ರೆಯ ಕಿಟಕಿಯಾಚೆ
ಮಾರ್ಕೆಟ್ಟಿನ ಬಸ್ಸುಗಳು ಒಂದನ್ನೊಂದು ಬೈಯುತ್ತಿರುವಾಗ, ಹೋಯಿತು.

ಈಗ ಬರಿಹೊಟ್ಟೆಗೆ ಬಿಳಿ ಮಾತ್ರೆ, ಸಾಯೋವರೆಗೆ.
ಕಾಫಿಗೆ ಒಂದು ಗಂಟೆ ಕಾಯಬೇಕು.
ಡಿಕಾಕ್ಷನ್ ತೊಟ್ಟಿಕ್ಕುವುದನ್ನು ಕೇಳುತ್ತಾ
ಕನ್ನಡಿ ಎದುರು ನಿಲ್ಲುತ್ತೇನೆ, ಕಸುಬಿನ ಕಣ್ಣಲ್ಲಿ.
ಒಳಹೊಲಿಗೆ. ಹೊರಗೆ ಒಂದು ಎಳೆಯೂ ಕಾಣದು.
ನೂಲು ತಾನೇ ಕರಗಿಹೋಗುತ್ತದಂತೆ.
ಅಂಥ ನೂಲಲ್ಲಿ ನಾನು ಹೊಲಿದಿದ್ದರೆ
ಮಾವಳ್ಳಿಯ ಹೆಂಗಸರು ಬಿಡುತ್ತಿದ್ದರೇ!
ಎಡತುದಿಯಲ್ಲಿ ಮಾತ್ರ ಸಣ್ಣ ಸುಕ್ಕು,
ಕೊನೆಯ ಹೊಲಿಗೆಗೆ ಬರುವಷ್ಟರಲ್ಲಿ
ಕೈ ದಣಿದಿದ್ದರೆ ಬೀಳುವಂಥದ್ದು.
ನನ್ನ ಎಷ್ಟೋ ಬ್ಲೌಸುಗಳಲ್ಲಿದೆ, ಯಾರೂ ಕಂಡಿಲ್ಲ.
ಮುಂದಿನ ತಿಂಗಳು ಚೆಕಪ್ಪಿಗೆ ಹೋದಾಗ
ಡಾಕ್ಟರಿಗೆ ಹೇಳಲೋ, ಬೇಡವೋ.