ಕಾಗದ ವಾಪಸು ಕೊಡುವ ಬಗ್ಗೆ

ಸೋಮವಾರ ಅರ್ಜಿಗಳ ವಾರ.
ಮೇಯ್ನ್‌ನಿಂದ ಶುರುಮಾಡಿ ಒಂದೊಂದೇ ರಾಜ್ಯದ ಹೆಸರು ಕೂಗುತ್ತಾರೆ.
ಸದಸ್ಯರು ಎದ್ದು, ಕೋಟಿನ ಜೇಬಿನಿಂದ, ಟೋಪಿಯೊಳಗಿನಿಂದ
ಊರವರ ಅಹವಾಲು ತೆಗೆದು ಕೊಡುತ್ತಾರೆ.
ಟಪಾಲು ರಸ್ತೆ ಬೇಕು. ಹಡಗುಗಳಿಗೆ ದೀಪಗೃಹ ಬೇಕು.
ಉಪ್ಪಿನ ಸುಂಕ ಇಳಿಯಲಿ. ಉಪ್ಪಿನ ಸುಂಕ ಇಳಿಯದಿರಲಿ.
ಒಬ್ಬನಿಗೆ ಯುದ್ಧದಲ್ಲಿ ಹೋದ ಬೆರಳಿಗೆ ಪಿಂಚಣಿ,
ಇನ್ನೊಬ್ಬನಿಗೆ, ಬೆರಳು ಹೋದದ್ದು ಯುದ್ಧದಲ್ಲೇ
ಎಂದು ಯಾರಾದರೂ ನಂಬಿದರೆ ಸಾಕು.

ನನ್ನ ಕೆಲಸ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ.
ಮೂರು ಮಡಿಕೆ ಮಡಿಸಿ, ಬೆನ್ನ ಮೇಲೆ ಷರಾ ಬರೆದು,
ಮರಳು ಉದುರಿಸಿ ಊದಿ, ಕೆಂಪು ದಾರ ಬಿಗಿಯುವುದು.
ಹನ್ನೊಂದು ಚಳಿಗಾಲವಾಯಿತು. ಬೆರಳ ಸಂದಿನ ಶಾಯಿ
ಶನಿವಾರದ ಸೋಪಿಗೂ ಜಗ್ಗುವುದಿಲ್ಲ.

'ಮೇಜಿನ ಮೇಲಿಡಲಾಯಿತು' ಅಂತ ಬರೆದರೆ
ಕಥೆ ಮುಗಿಯಿತು ಅಂತ ಅರ್ಥ.
ಯಾವ ಮೇಜು ಅಂತ ಹೊಸದರಲ್ಲಿ ಹುಡುಕಿದ್ದೆ.

ಕಳೆದ ವಾರ ಬಂದದ್ದು ದಿಂಬಿನಷ್ಟು ದಪ್ಪ ಸುರುಳಿ,
ಮ್ಯಾಸಚೂಸೆಟ್ಸ್‌ನ ಹೆಂಗಸರು ಹಾಳೆಗೆ ಹಾಳೆ ಹೊಲಿದದ್ದು:
ವಾಷಿಂಗ್ಟನ್ನಿನ ಬೀದಿಯಲ್ಲಿ ಮನುಷ್ಯರನ್ನು ಮಾರಗೊಡಬೇಡಿ.
ಓದಲಿಲ್ಲ. ಓದಬಾರದೆಂದೇ ನಿಯಮ ಮಾಡಿಕೊಂಡಿದ್ದಾರೆ.
ಒಲೆಗೆ ಕಟ್ಟಿಗೆ ತರುವ ಜೊಸಾಯ
ಆ ಹೊಲಿಗೆಯನ್ನೇ ನೋಡುತ್ತ ನಿಂತ,
ಕಟ್ಟಿಗೆ ಇಳಿಸಲು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.
"ಬಿಗಿ ಹೊಲಿಗೆ," ಅಂದ.
ಹೌದು ಅಂದೆ. ಅಷ್ಟೇ ನಮ್ಮ ಚರ್ಚೆ.

ನಾನು ಹೇಳಹೊರಟದ್ದು ಕುದುರೆಯ ವಿಷಯ.

ಥ್ಯಾಂಕ್‌ಫುಲ್ ವಾಡ್ಲಿ, ವಿಧವೆ, ವರ್ಮಾಂಟ್.
ಹದಿನಾಲ್ಕನೇ ಇಸವಿಯಲ್ಲಿ ದಂಡಿನವರು ಹೊಡೆದುಕೊಂಡು ಹೋದ
ಕಂದು ಹೆಣ್ಣುಗುದುರೆ ಒಂದು. ಮೂವತ್ತೈದು ಡಾಲರು.
ಪ್ರತಿ ಡಿಸೆಂಬರಿನಲ್ಲಿ ಅರ್ಜಿ ಗುಜರಾಯಿಸುತ್ತಾಳೆ,
ಸಮಿತಿಗೆ ಹೋಗುತ್ತದೆ, ಮಾರ್ಚಿಗೋ ಜುಲೈಗೋ ಅಧಿವೇಶನ ಸಾಯುತ್ತದೆ,
ಅದರ ಜೊತೆ ಕುದುರೆಯೂ, ಇನ್ನೊಮ್ಮೆ.

ನಾನು ನೋಡಿದ ಮೊದಲನೆಯದರಲ್ಲಿ ಬರೀ 'ಕುದುರೆ' ಅಂತಿತ್ತು.
ಆಮೇಲೆ ಹಣೆಯಲ್ಲಿ ಬಿಳಿ ಚುಕ್ಕಿ ಬಂತು.
ಎಡ ಹಿಂಗಾಲು ಎತ್ತಿ ನಿದ್ದೆ ಮಾಡುತ್ತಿತ್ತಂತೆ.
ಇನ್ನೊಂದು ವರ್ಷ: ಮೂತಿಯಿಂದ ಲಾಯದ ಅಗುಳಿ ಸರಿಸುತ್ತಿತ್ತು,
ಗಂಡ ಎರಡನೇ ಅಗುಳಿ ಹಾಕಿದ, ಅದನ್ನೂ ಕಲಿಯಿತು.
ಸಮಿತಿಗೆ ಇದೆಲ್ಲ ಬೇಕಿರಲಿಲ್ಲ. ಬೇಕಾದ್ದು ರಶೀದಿ.
ಅದಿತ್ತು: ಕ್ಯಾಪ್ಟನ್ನನ ಒಕ್ಕಣೆ, ಕೆಳಗೆ ಗಂಡನ ರುಜು.
ರಶೀದಿ ಕೊಡಲು ಕ್ಯಾಪ್ಟನ್ನನಿಗೆ ಅಧಿಕಾರವಿತ್ತೇ
ಎಂಬುದಕ್ಕೆ ಕಾಗದ ಇರಲಿಲ್ಲ.

ಈ ಸಲದ್ದು ಶಾಲೆಯ ಮಗುವಿನ ದುಂಡಕ್ಷರ.
ದುಡ್ಡು ಬೇಡವಂತೆ. ರಶೀದಿ ವಾಪಸು ಕೊಟ್ಟರೆ ಸಾಕು.
ಗಂಡ ಅಕ್ಷರ ಕಲಿತದ್ದು ತಡವಾಗಿ, ಬರೆದದ್ದು ಕಡಿಮೆ,
ಮನೆಗೆ ಬೆಂಕಿ ಬಿದ್ದ ಮೇಲೆ
ಅವರ ಕೈಯದು ಅಂತ ಉಳಿದಿರುವುದು
ತಮ್ಮ ದಫ್ತರದಲ್ಲಿ ಮಾತ್ರ.

ಎರಡು ದಿನ ಹುಡುಕಿದೆ.
ಇಲಿ ಒಂದು ಮೂಲೆ ತಿಂದಿತ್ತು, ಬೆಲೆ ಬರೆದ ಕಡೆ.

ಕೊಡಲು ಸದನ ಒಪ್ಪಬೇಕು, ರಾಷ್ಟ್ರದ ಸ್ವತ್ತಲ್ಲವೇ.
ಒಪ್ಪಿತು, ಒಬ್ಬರು ಕೆಮ್ಮಿ ಮುಗಿಸುವಷ್ಟರಲ್ಲಿ.
'ಅರ್ಜಿದಾರಳಿಗೆ ತನ್ನ ಕಾಗದ ಹಿಂಪಡೆಯಲು ಅನುಮತಿ':
ನಡಾವಳಿಯಲ್ಲಿ ಒಂದು ಸಾಲು, ದೀಪಗೃಹಕ್ಕೂ ಉಪ್ಪಿಗೂ ನಡುವೆ.

ಮೂಲ ಹೋದರೆ ನಕಲು ಇರಬೇಕು, ಅದು ಕ್ರಮ.
ಕೂತು ಬರೆದೆ. ಕ್ಯಾಪ್ಟನ್ನನದು ಸಲೀಸಾಗಿ ಬಂತು.
ಅದರ ಕೆಳಗೆ, ನೇಗಿಲು ಹಿಡಿದ ಕೈ
'ಏಬಿಯಲ್ ವಾಡ್ಲಿ' ಅಂತ ಬರೆಯುವಾಗ ಎಲ್ಲಿ ತಡೆದು ನಿಂತಿತ್ತೋ,
ಎಲ್ಲಿ ಒತ್ತಿ ಕಾಗದ ಸೀಳಿತ್ತೋ...
ಸಾವಿರ ಜನರ ರುಜು ನಕಲು ಮಾಡಿದವನು ನಾನು.
ನಾಲ್ಕು ಹಾಳೆ ಹಾಳು ಮಾಡಿದೆ.

ಐದನೆಯದರಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.
ಬೆನ್ನ ಮೇಲೆ ಷರಾ: 'ರುಜು ಮೂಲದಲ್ಲಿದೆ.'